ಉರಿಮೂತ್ರಕ್ಕೆ ನೆಗ್ಗಿಲು ಕುದಿಸುವ ಮೊದಲು

ಯುಗಾದಿ ಹತ್ತಿರ ಬಂತೆಂದರೆ ರಾಯಚೂರಿನ ಬಿಸಿಲು 40 ಡಿಗ್ರಿಗೆ ಬಂದು ಕೂರುತ್ತದೆ. ಆಗ ಓಣಿ ಓಣಿಯಲ್ಲಿ ಒಂದೇ ಮಾತು: "ಉರಿಮೂತ್ರ ಆಗ್ಯಾದ, ಏನರ ಕಷಾಯ ಇದ್ರ ಹೇಳ್ರಿ." ಅಜ್ಜಿ ನೆಗ್ಗಿಲು ಅನ್ನುತ್ತಾರೆ. ಪಕ್ಕದ ಮನೆಯವರು ಬಾರ್ಲಿ ಅನ್ನುತ್ತಾರೆ. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿ ಕ್ರ್ಯಾನ್‌ಬೆರಿ ಕ್ಯಾಪ್ಸೂಲ್ ತೋರಿಸುತ್ತಾಳೆ. ಸಂತೆಯಲ್ಲಿ ಕೂತವರು ಹೆಸರಿಲ್ಲದ ಪುಡಿ ಪೊಟ್ಟಣ ಕಟ್ಟಿ ಕೊಡುತ್ತಾರೆ.

ಇವುಗಳಲ್ಲಿ ಕೆಲವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಕೆಲವು ಬರುವುದಿಲ್ಲ. ಒಂದೆರಡು ಕಿಡ್ನಿಯನ್ನೇ ಹಾಳು ಮಾಡುತ್ತವೆ. ಅದಕ್ಕೇ ಒಂದು ಕ್ರಮ ಬೇಕು. ಮೊದಲು ಏನಾಗಿದೆ ಎಂದು ತಿಳಿಯಬೇಕು. ಆಮೇಲೆ ನೀರು. ಮೂಲಿಕೆ ಮೂರನೆಯದು. ಈ ಕ್ರಮ ತಪ್ಪಿದರೆ ಒಳ್ಳೆಯ ಮೂಲಿಕೆಯೂ ತೊಂದರೆಯೇ, ಯಾಕೆಂದರೆ ಅದು ನಮ್ಮ ನಾಲ್ಕೈದು ದಿನವನ್ನು ಸುಮ್ನೆ ತಿಂದು ಹಾಕುತ್ತದೆ. ಸೋಂಕು ಮೂತ್ರಕೋಶದಿಂದ ಕಿಡ್ನಿಗೆ ಏರಲು ಅಷ್ಟು ದಿನ ಸಾಕು.

ಮೊದಲ ಹೆಜ್ಜೆ: ಉರಿ ಯಾವುದರದ್ದು ಎಂದು ನೋಡಿ

ನಮ್ಮ ಕಡೆ ಉರಿಮೂತ್ರಕ್ಕೆಲ್ಲ "ಉಷ್ಣ ಆಗಿದೆ" ಎಂಬ ಒಂದೇ ಉತ್ತರ. ಆದರೆ ಒಳಗೆ ಬೇರೆ ಬೇರೆ ಕಾರಣ ಇರುತ್ತವೆ.

ಬಿಸಿಲಿನಲ್ಲಿ ಬೆವರು ಹರಿದು, ನೀರು ಕಮ್ಮಿ ಕುಡಿದಾಗ ಮೂತ್ರ ಗಟ್ಟಿಯಾಗುತ್ತದೆ. ಬಣ್ಣ ಗಾಢ ಹಳದಿಗೆ ತಿರುಗುತ್ತದೆ. ಹೋಗುವಾಗ ಸ್ವಲ್ಪ ಉರಿಯುತ್ತದೆ. ಅರ್ಧ ದಿನ ಚೆನ್ನಾಗಿ ನೀರು ಕುಡಿದರೆ ಬಣ್ಣ ತಿಳಿಯಾಗಿ ಉರಿಯೂ ಹೋಗುತ್ತದೆ. ಇದಕ್ಕೆ ಔಷಧಿಯೇ ಬೇಡ.

ಸೋಂಕು ಹಾಗಲ್ಲ. ನೀರು ಕುಡಿದರೂ ಉರಿ ಹೋಗುವುದಿಲ್ಲ. ಹೋಗಿ ಬಂದ ಹತ್ತು ನಿಮಿಷಕ್ಕೆ ಮತ್ತೆ ಅವಸರ ಆಗುತ್ತದೆ, ಹೋದರೆ ನಾಲ್ಕು ಹನಿ. ಕೆಳಹೊಟ್ಟೆ ನೋವು, ಕದಡಿದ ಮೂತ್ರ, ಕೆಟ್ಟ ವಾಸನೆ. ಬಹುಪಾಲು ಸಲ ಇದಕ್ಕೆ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಅದು ನಮ್ಮದೇ ಕರುಳಿನಲ್ಲಿ ಇರುವಂಥದ್ದು, ಜಾಗ ತಪ್ಪಿ ಮೂತ್ರನಾಳಕ್ಕೆ ಬಂದಿರುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ ಉದ್ದ. ಅದಕ್ಕೇ ಅವರಿಗೆ ಈ ತೊಂದರೆ ಜಾಸ್ತಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಯಾರ ನಡತೆಯ ಮೇಲೂ ಇದು ಗುರುತಲ್ಲ. ಇದನ್ನು ಬರೆಯಲೇಬೇಕು, ಯಾಕೆಂದರೆ ಎಷ್ಟೋ ಹೆಣ್ಣುಮಕ್ಕಳು ಮನೆಯವರಿಗೂ ಹೇಳದೆ ಸಂಕಟ ಪಡುತ್ತಾರೆ.

ಕಲ್ಲು ಮೂರನೆಯದು. ಬೆನ್ನಿನ ಒಂದು ಬದಿಯಿಂದ ತೊಡೆಸಂದಿಯ ಕಡೆಗೆ ಅಲೆಯಲೆಯಾಗಿ ಇಳಿಯುವ ನೋವು, ಕೂತರೂ ನಿಂತರೂ ಸಮಾಧಾನ ಇಲ್ಲ ಅನ್ನುವಂಥ ನೋವು ಇದ್ದರೆ ಕಲ್ಲಿನ ಅನುಮಾನ ಪಡಬೇಕು.

ಈಗ ಮುಖ್ಯವಾದ ಮಾತು. ಈ ಕೆಳಗಿನವರು ಮನೆಮದ್ದಿಗೆ ಕೈಹಾಕದೆ ನೇರವಾಗಿ ಡಾಕ್ಟರ ಹತ್ತಿರ ಹೋಗಬೇಕು: ಬಸುರಿಯರು, ಚಿಕ್ಕ ಮಕ್ಕಳು, ಗಂಡಸರು, ಸಕ್ಕರೆ ಕಾಯಿಲೆ ಇರುವವರು, ಕಿಡ್ನಿ ತೊಂದರೆ ಇರುವವರು. ಹಾಗೆಯೇ ಚಳಿಜ್ವರ, ಪಕ್ಕೆಯ ಹಿಂಭಾಗದ ನೋವು, ವಾಂತಿ, ಮೂತ್ರದಲ್ಲಿ ರಕ್ತ, ಮೂತ್ರ ಪೂರ್ತಿ ಕಟ್ಟುವುದು ಇವುಗಳಲ್ಲಿ ಒಂದು ಕಂಡರೂ ಅವತ್ತೇ ಹೋಗಬೇಕು. ವಯಸ್ಸಾದವರು ಇದ್ದಕ್ಕಿದ್ದಂತೆ ಗೊಂದಲದ ಮಾತು ಆಡಲು ಶುರು ಮಾಡಿದರೂ ಹಾಗೆಯೇ. ಬಸುರಿಯರಲ್ಲಂತೂ ಉರಿಯೇ ಇಲ್ಲದೆ ಸೋಂಕು ಇರಬಹುದು. ಅದಕ್ಕೇ ತಪಾಸಣೆಯಲ್ಲಿ ಮೂತ್ರ ಪರೀಕ್ಷೆ ಮಾಡುತ್ತಾರೆ. ಅದನ್ನು ತಪ್ಪಿಸಬೇಡಿ.

ಡಾಕ್ಟರು ಮೂತ್ರದ ಕಲ್ಚರ್ ಪರೀಕ್ಷೆ ಬರೆದರೆ ಅದನ್ನು ಆಂಟಿಬಯೋಟಿಕ್ ನುಂಗುವ ಮೊದಲೇ ಕೊಡಿ. ಮೊದಲ ಧಾರೆ ಬಿಟ್ಟು, ನಡುವಿನ ಧಾರೆಯನ್ನು ಅವರು ಕೊಟ್ಟ ಡಬ್ಬಿಯಲ್ಲಿ ಹಿಡಿಯಬೇಕು. ವರದಿ ಬರಲು ಎರಡು ಮೂರು ದಿನ ಬೇಕು. ಯಾವ ಔಷಧಿಗೆ ಆ ರೋಗಾಣು ಬಗ್ಗುತ್ತದೆ ಎಂದು ಅದರಲ್ಲಿ ಗೊತ್ತಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಬಾಯಿಮಾತಿನಲ್ಲಿ ಎರಡು ಗುಳಿಗೆ ತಗೊಂಡು, ಉರಿ ಕಮ್ಮಿಯಾದ ಕೂಡಲೇ ಬಿಡುವ ಅಭ್ಯಾಸದಿಂದಲೇ ರೋಗಾಣುಗಳು ಔಷಧಿಗೆ ಬಗ್ಗದಂತೆ ಆಗುತ್ತವೆ. ರಾಯಚೂರಿನಲ್ಲಿ ರಿಮ್ಸ್ ಇದೆ, ಕೊಪ್ಪಳದಲ್ಲಿ ಕಿಮ್ಸ್ ಇದೆ, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಎರಡನೆಯ ಹೆಜ್ಜೆ: ನೀರು, ಮತ್ತು ಹೋಗಲು ಜಾಗ

ನೀರಿನ ಬಗ್ಗೆ ಒಂದು ಚೆನ್ನಾದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಪದೇ ಪದೇ ಮೂತ್ರದ ಸೋಂಕು ಬರುತ್ತಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಮ್ಮಿ ಕುಡಿಯುತ್ತಿದ್ದ 140 ಹೆಂಗಸರನ್ನು ಆರಿಸಿದ್ದರು. ಅರ್ಧ ಜನ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದರು. ಒಂದು ವರ್ಷದಲ್ಲಿ ಅವರಿಗೆ ಸೋಂಕು ಬಂದದ್ದು ಉಳಿದವರ ಅರ್ಧದಷ್ಟು ಮಾತ್ರ. ಯಾವ ಮೂಲಿಕೆಗೂ ಇಷ್ಟು ನೇರವಾದ ಫಲಿತಾಂಶ ನಾನು ಓದಿಲ್ಲ.

ಆದರೆ "ನೀರು ಜಾಸ್ತಿ ಕುಡಿಯಿರಿ" ಎಂದು ಹೇಳುವುದು ಸುಲಭ. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹೆಣ್ಣುಮಕ್ಕಳನ್ನು ಕೇಳಿ. ಸಿಂಧನೂರು, ಗಂಗಾವತಿ ಕಡೆ ಭತ್ತದ ನಾಟಿಗೆ ಬಗ್ಗಿದವರನ್ನು ಕೇಳಿ. ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಕೂತವರನ್ನು ಕೇಳಿ. ಕಾಲುಮಡಿಯಲು ಮರೆ ಇಲ್ಲ ಎಂದು ಅವರು ಬೇಕಂತಲೇ ನೀರು ಕುಡಿಯುವುದಿಲ್ಲ. ಬಂದದ್ದನ್ನು ಸಂಜೆವರೆಗೆ ತಡೆದು ಇಟ್ಟುಕೊಳ್ಳುತ್ತಾರೆ. ಕೋಶದಲ್ಲಿ ನಿಂತ ಮೂತ್ರದಲ್ಲಿ ರೋಗಾಣು ಬೆಳೆಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಇಂಥವರಿಗೆ ಕ್ಯಾಪ್ಸೂಲ್ ಮಾರುವುದು ಅನ್ಯಾಯ. ಕೂಲಿಗೆ ಕರೆಯುವ ಹೊಲದವರು ಬದುವಿನ ಮೇಲೆ ನಾಲ್ಕು ಗಳ ನೆಟ್ಟು ಹಳೆಯ ಸೀರೆ ಸುತ್ತಿ ಒಂದು ಮರೆ ಮಾಡಿಕೊಡಲಿ. ಖರ್ಚು ಏನೂ ಇಲ್ಲ. ಈ ಲೇಖನದಲ್ಲಿ ಒಂದೇ ಮಾತು ನಡೆಯುತ್ತದೆ ಅನ್ನುವುದಾದರೆ ಈ ಮಾತು ನಡೆಯಲಿ ಎಂದು ನನ್ನ ಆಸೆ.

ಗಂಡಸರು, ಹೆಂಗಸರು ಯಾರೇ ಇರಲಿ, ಮೂರು ನಾಲ್ಕು ತಾಸಿಗೊಮ್ಮೆ ಹೋಗಿ ಬರುವಂತಿರಬೇಕು. ಎಷ್ಟು ಲೀಟರ್ ಎಂದು ಅಳೆಯುವುದಕ್ಕಿಂತ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸಾಕು. ನೀರುಮಜ್ಜಿಗೆ, ಜೋಳದ ಅಂಬಲಿ, ಎಳನೀರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಚಹಾ ಮತ್ತು ಬಾಟಲಿಯ ಸಿಹಿ ಪಾನೀಯಗಳನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಹೃದಯ ಅಥವಾ ಕಿಡ್ನಿ ತೊಂದರೆಗೆ "ಇಷ್ಟೇ ನೀರು" ಎಂದು ಡಾಕ್ಟರು ಹೇಳಿದ್ದರೆ ಆ ಮಾತೇ ಅಂತಿಮ.

ಇನ್ನು ಎರಡು ಸಣ್ಣ ಅಭ್ಯಾಸ. ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಹಿಂದಿನಿಂದ ಮುಂದಕ್ಕೆ ಅಲ್ಲ. ಗಂಡ ಹೆಂಡತಿ ಕೂಡಿದ ಮೇಲೆ ಹೆಂಗಸರು ಒಮ್ಮೆ ಮೂತ್ರಕ್ಕೆ ಹೋಗಿ ಬರಬೇಕು. ಮುಟ್ಟು ನಿಂತ ಮೇಲೆ ಪದೇ ಪದೇ ಸೋಂಕು ಬರುತ್ತಿದ್ದರೆ ಅಲ್ಲಿನ ಚರ್ಮ ಒಣಗಿ ತೆಳುವಾಗಿರುವುದು ಕಾರಣ ಇರಬಹುದು. ಅದಕ್ಕೆ ಸ್ತ್ರೀರೋಗ ತಜ್ಞರು ಹಚ್ಚುವ ಕ್ರೀಮ್ ಕೊಡುತ್ತಾರೆ. ಅದು ಕಷಾಯದಿಂದ ಆಗುವ ಕೆಲಸ ಅಲ್ಲ.

ಮೂರನೆಯ ಹೆಜ್ಜೆ: ಒಂದೇ ಒಂದು ಮೂಲಿಕೆ ಆರಿಸಿ

ಐದು ಮೂಲಿಕೆ ಕೂಡಿಸಿ ಕುದಿಸಿದರೆ ಐದು ಪಟ್ಟು ಗುಣ ಬರುವುದಿಲ್ಲ. ಮೈಮೇಲೆ ಗಂಧೆ ಎದ್ದರೆ, ಹೊಟ್ಟೆ ಕೆಟ್ಟರೆ ಯಾವುದರಿಂದ ಎಂದು ಗೊತ್ತಾಗುವುದೂ ಇಲ್ಲ. ಅದಕ್ಕೇ ಒಂದು ಸಲಕ್ಕೆ ಒಂದೇ.

ನೆಗ್ಗಿಲು ನಮ್ಮ ಮಣ್ಣಿನದ್ದೇ. ಹೊಲದ ದಾರಿಯಲ್ಲಿ ನೆಲಕ್ಕೆ ಹರಡಿಕೊಂಡಿರುತ್ತದೆ. ಎಲೆ ಹುಣಸೆ ಎಲೆಯ ಹಾಗೆ ಜೋಡಿ ಜೋಡಿ, ಹೂವು ಹಳದಿ, ಐದು ಎಸಳು. ಕಾಯಿಯ ಮುಳ್ಳು ಬರಿಗಾಲಿಗೆ ಚುಚ್ಚಿದ್ದು ಯಾರಿಗೆ ನೆನಪಿಲ್ಲ? ಆಯುರ್ವೇದದಲ್ಲಿ ಇದಕ್ಕೆ ಗೋಕ್ಷುರ ಎಂದು ಹೆಸರು. ಔಷಧಿಗೆ ಬಳಸುವುದು ಒಣಗಿದ ಕಾಯಿ. ಮೂತ್ರದ ಹರಿವು ಹೆಚ್ಚಿಸಲು, ಉರಿ ಇಳಿಸಲು ಇದನ್ನು ಹಿಂದಿನಿಂದಲೂ ಕೊಡುತ್ತಾರೆ. ಭಾರತದ ಆಯುರ್ವೇದ ಫಾರ್ಮಕೋಪಿಯಾದಲ್ಲಿ, ಅಂದರೆ ಔಷಧಿಗಳ ಸರ್ಕಾರಿ ಗ್ರಂಥದಲ್ಲಿ, ಇದರ ಪುಡಿಯ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ಅಂಗಡಿಯಲ್ಲಿ ಸಿಗುವ ಗೋಕ್ಷುರಾದಿ ಗುಗ್ಗುಲು ಗುಳಿಗೆಯ ಮುಖ್ಯ ವಸ್ತು ಇದೇ. ಆದರೆ ಇದು ಸೋಂಕು ಕೊಲ್ಲುತ್ತದೆ ಎನ್ನಲು ಮನುಷ್ಯರ ಮೇಲೆ ನಡೆದ ಗಟ್ಟಿ ಪುರಾವೆ ಇಲ್ಲ. ಹಾಗಾಗಿ ಇದನ್ನು ಸೋಂಕಿನ ಔಷಧಿ ಎಂದು ನಂಬಿ ಕೂರಬಾರದು. ಜಾಸ್ತಿ ಪ್ರಮಾಣದಲ್ಲಿ ಕುಡಿದವರಿಗೆ ಲಿವರ್ ಮತ್ತು ಕಿಡ್ನಿಗೆ ಪೆಟ್ಟಾದ ವರದಿಗಳೂ ಇವೆ. ದಕ್ಷಿಣ ಆಫ್ರಿಕಾದಲ್ಲಿ ಈ ಗಿಡವನ್ನು ಹೆಚ್ಚು ಮೇಯ್ದ ಕುರಿಗಳಿಗೆ ಲಿವರ್ ಕೆಟ್ಟು, ಮುಖ ಊದಿಕೊಳ್ಳುವ ಕಾಯಿಲೆ ಬರುವುದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತು. ನಮ್ಮ ಕುರಿಗಾರರು ಇದನ್ನು ಓದಲಿ ಎಂದೂ ಬರೆದೆ.

ಆನೆ ನೆಗ್ಗಿಲು ಬೇರೆ ಗಿಡ. ಎಲೆ ದಪ್ಪ, ಕಾಯಿ ದೊಡ್ಡದು. ಅದರ ಹಸಿ ಕೊಂಬೆಯನ್ನು ನೀರಿನಲ್ಲಿ ತಿರುವಿದರೆ ನೀರು ಲೋಳೆಯಾಗುತ್ತದೆ. ಹಳ್ಳಿಗಳಲ್ಲಿ ಆ ಲೋಳೆನೀರನ್ನೂ ಉರಿಮೂತ್ರಕ್ಕೆ ಕುಡಿಯುತ್ತಾರೆ. ಅಂಗಡಿಯಲ್ಲಿ ಎರಡೂ ಗೋಕ್ಷುರದ ಹೆಸರಿನಲ್ಲೇ ಸಿಗಬಹುದು. ಕೇಳಿ ತಗೊಳ್ಳಿ.

ಕೊಮ್ಮೆ ಗಿಡ, ಅಂದರೆ ಪುನರ್ನವ, ಮೈ ಊತ ಇಳಿಸಲು ಹೆಸರಾದದ್ದು. ಇದೂ ಮೂತ್ರ ಹೆಚ್ಚಿಸುತ್ತದೆ. ಇದರಲ್ಲಿ ಪೊಟ್ಯಾಷಿಯಂ ಜಾಸ್ತಿ. ಕಿಡ್ನಿ ದುರ್ಬಲ ಇರುವವರಿಗೆ ಪೊಟ್ಯಾಷಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಮೈ ಊದಿದೆ ಎಂದು ಪರೀಕ್ಷೆ ಮಾಡಿಸದೆ ಕೊಮ್ಮೆ ಬೇರಿನ ಕಷಾಯ ಕುಡಿಯುವುದು ಇದೇ ಕಾರಣಕ್ಕೆ ಅಪಾಯ. ಊತಕ್ಕೆ ಕಾರಣ ಕಿಡ್ನಿಯೇ ಆಗಿರಬಹುದು.

ಬಾರ್ಲಿ ನೀರು, ಕೊತ್ತಂಬರಿ ಕಾಳು ರಾತ್ರಿ ನೆನೆಸಿದ ನೀರು, ಲಾವಂಚದ ಬೇರು ಹಾಕಿದ ಮಡಕೆಯ ನೀರು: ಇವೆಲ್ಲ ಬೇಸಿಗೆಗೆ ತುಂಬಾ ಒಳ್ಳೆಯವು. ಇವುಗಳ ದೊಡ್ಡ ಗುಣ ಏನೆಂದರೆ ಬರೀ ನೀರು ಸೇರದವರೂ ಇವನ್ನು ಖುಷಿಯಿಂದ ಕುಡಿಯುತ್ತಾರೆ. ಧೈರ್ಯವಾಗಿ ಕುಡಿಯಿರಿ.

ಕ್ರ್ಯಾನ್‌ಬೆರಿ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜಾಹೀರಾತು ಇರುವುದು ಇದರದ್ದೇ, ಪುರಾವೆ ಸ್ವಲ್ಪ ಇರುವುದೂ ಇದಕ್ಕೇ. ಇದು ಅಮೆರಿಕ, ಕೆನಡಾದ ತಂಪು ಜವುಗು ನೆಲದ ಹಣ್ಣು. ಇ. ಕೋಲಿಗೆ ಮೈತುಂಬ ಸಣ್ಣ ಕೂದಲಿನಂಥ ಕೊಂಡಿಗಳಿವೆ. ನೆಗ್ಗಿನ ಮುಳ್ಳು ಚಪ್ಪಲಿಗೆ ಕಚ್ಚಿಕೊಂಡ ಹಾಗೆ ಅದು ಮೂತ್ರಕೋಶದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಕ್ರ್ಯಾನ್‌ಬೆರಿಯಲ್ಲಿರುವ ಪ್ರೊಆಂಥೊಸಯನಿಡಿನ್ ಎಂಬ ವಸ್ತು ಆ ಹಿಡಿತ ಸಿಗದಂತೆ ಮಾಡುತ್ತದೆ. ಆಗ ರೋಗಾಣು ಮೂತ್ರದ ಜೊತೆ ಹೊರಗೆ ಹೋಗುತ್ತದೆ. ಗೋಡೆಗೆ ಕಚ್ಚಿಕೊಂಡು ಬೆಳೆದ ಮೇಲೆ ಇದರಿಂದ ಏನೂ ಆಗುವುದಿಲ್ಲ. ಅಂದರೆ ಇದು ತಡೆಯುವ ವಸ್ತು, ವಾಸಿ ಮಾಡುವ ಔಷಧಿ ಅಲ್ಲ.

2023ರಲ್ಲಿ ಕೊಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಇದರ ಬಗ್ಗೆ ನಡೆದ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಪದೇ ಪದೇ ಸೋಂಕು ಬರುವ ಹೆಂಗಸರಲ್ಲಿ ಅಪಾಯ ಸುಮಾರು ಕಾಲು ಭಾಗ ಕಮ್ಮಿಯಾಗಿತ್ತು. ಮಕ್ಕಳಲ್ಲಿ ಅರ್ಧದಷ್ಟು. ಬಸುರಿಯರಿಗೆ, ವೃದ್ಧಾಶ್ರಮಗಳ ಹಿರಿಯರಿಗೆ, ಮೂತ್ರಕೋಶ ಪೂರ್ತಿ ಖಾಲಿಯಾಗದ ತೊಂದರೆ ಇರುವವರಿಗೆ ಲಾಭ ಕಾಣಲಿಲ್ಲ. 2020ರಲ್ಲಿ ಅಮೆರಿಕದ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಹ, ದಿನಕ್ಕೆ 500 ಮಿಲಿಗ್ರಾಂ ಕ್ರ್ಯಾನ್‌ಬೆರಿ ಪೂರಕ ತಗೊಂಡರೆ ಸೋಂಕು ಮತ್ತೆ ಬರುವ ಅಪಾಯ ಕಮ್ಮಿಯಾಗಬಹುದು ಎಂದು ಹೇಳಿಕೊಳ್ಳಲು ಕಂಪನಿಗಳಿಗೆ ಅವಕಾಶ ಕೊಟ್ಟಿತು, ಆದರೆ "ಪುರಾವೆ ಸೀಮಿತ" ಎಂಬ ಮಾತು ಸೇರಿಸಲೇಬೇಕು ಎಂದಿತು. ಹಾಗಾಗಿ ವರ್ಷಕ್ಕೆ ಮೂರು ನಾಲ್ಕು ಸಲ ಸೋಂಕು ಬರುವ ಹೆಂಗಸರು, ಕೈಯಲ್ಲಿ ದುಡ್ಡಿದ್ದರೆ, ಡಾಕ್ಟರನ್ನು ಕೇಳಿ ಕೆಲವು ತಿಂಗಳು ತಗೊಂಡು ನೋಡಬಹುದು. ಪ್ಯಾಕಿನ ಮೇಲೆ ಪ್ರೊಆಂಥೊಸಯನಿಡಿನ್ ಎಷ್ಟಿದೆ ಎಂದು ಬರೆದಿರಬೇಕು. ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಬಳಸಿದ್ದು ದಿನಕ್ಕೆ 36 ಮಿಲಿಗ್ರಾಂ. ಡಬ್ಬದ ಜ್ಯೂಸ್ ಬೇಡ, ಅದರಲ್ಲಿ ಸಕ್ಕರೆಯೇ ಜಾಸ್ತಿ. ನಮ್ಮ ಗುಡ್ಡಗಳ ಕವಳಿ ಹಣ್ಣನ್ನು ಕೆಲವರು "ದೇಸಿ ಕ್ರ್ಯಾನ್‌ಬೆರಿ" ಎಂದು ಮಾರುತ್ತಾರೆ. ರುಚಿಗೆ ತಿನ್ನಿ, ಉಪ್ಪಿನಕಾಯಿ ಹಾಕಿ. ಅದು ಬೇರೆಯೇ ಗಿಡ, ಕ್ರ್ಯಾನ್‌ಬೆರಿಯ ಪುರಾವೆ ಅದಕ್ಕೆ ಅನ್ವಯಿಸುವುದಿಲ್ಲ. ಕಿಡ್ನಿಯಲ್ಲಿ ಆಕ್ಸಲೇಟ್ ಎಂಬ ಬಗೆಯ ಕಲ್ಲು ಆದವರು ಕ್ರ್ಯಾನ್‌ಬೆರಿ ಗುಳಿಗೆಯನ್ನು ದಿನಾ ತಗೊಳ್ಳುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಡಿ-ಮ್ಯಾನೋಸ್ ಎಂಬ ಪುಡಿಯನ್ನೂ ಇದೇ ಸಾಲಿನಲ್ಲಿ ಮಾರುತ್ತಾರೆ. 2024ರಲ್ಲಿ ಬ್ರಿಟನ್ನಿನ 598 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, ದಿನಕ್ಕೆ 2 ಗ್ರಾಂನಂತೆ ಆರು ತಿಂಗಳು ಕೊಟ್ಟರೂ ಪ್ರಯೋಜನ ಕಾಣಲಿಲ್ಲ. ಆ ದುಡ್ಡು ಉಳಿಸಿ. ಯೂವಾ ಅರ್ಸಿ ಎಂಬ ವಿದೇಶಿ ಎಲೆಯ ಗುಳಿಗೆ ಆನ್‌ಲೈನಿನಲ್ಲಿ ಸಿಗುತ್ತದೆ. ಅದು ದೇಹದಲ್ಲಿ ಹೈಡ್ರೋಕ್ವಿನೋನ್ ಎಂಬ ರಾಸಾಯನಿಕ ಆಗುತ್ತದೆ. ಅದನ್ನು ಒಂದು ವಾರಕ್ಕಿಂತ ಹೆಚ್ಚು ಬಳಸಬಾರದು, ಬಸುರಿಯರು ಮುಟ್ಟಲೇಬಾರದು. ನಾನಂತೂ ಯಾರಿಗೂ ಅದನ್ನು ಹೇಳುವುದಿಲ್ಲ.

ಕಲ್ಲು ಕರಗಿಸುವ ಪುಡಿಗಳ ಬಗ್ಗೆ ಒಂದು ಮಾತು. ಕಿಡ್ನಿ ಕಲ್ಲು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆ ಕಾಯ್ದೆಯ ಪಟ್ಟಿಯಲ್ಲಿ ಕಿಡ್ನಿ ಮತ್ತು ಮೂತ್ರಕೋಶದ ಕಲ್ಲು ಎಂದು ಸ್ಪಷ್ಟವಾಗಿಯೇ ಇದೆ. ಗೋಡೆ ಬರಹದಲ್ಲೋ ಕರಪತ್ರದಲ್ಲೋ ಹಾಗೆ ಬರೆದವರ ಹತ್ತಿರ ಹೋಗದಿರಲು ಇಷ್ಟು ಸಾಕು. ಸಣ್ಣ ಕಲ್ಲುಗಳು ನೀರು ಕುಡಿದರೆ ತಾವೇ ಬೀಳುತ್ತವೆ, ಹೆಸರು ಮಾತ್ರ ಪುಡಿಗೆ ಬರುತ್ತದೆ. ಇನ್ನು ಪಾಷಾಣಭೇದ ಎಂಬ ಹೆಸರಿನಲ್ಲಿ ಉತ್ತರದಲ್ಲಿ ಹಿಮಾಲಯದ ಒಂದು ಗಿಡ ಸಿಕ್ಕರೆ, ದಕ್ಷಿಣದಲ್ಲಿ ಬಿಳಿ ಹಿಂಡಿಸೊಪ್ಪು ಸೇರಿದಂತೆ ಬೇರೆ ಗಿಡಗಳು ಸಿಗುತ್ತವೆ. ಯಾವುದು ಕೊಟ್ಟರು ಎಂದೇ ಗೊತ್ತಾಗದ ವಸ್ತುವನ್ನು ನುಂಗುವುದು ಹೇಗೆ?

ಒಂದು ಗಿಡದ ಹೆಸರನ್ನು ಮನೆಯವರಿಗೆಲ್ಲ ಹೇಳಿಡಿ: ಈಶ್ವರ ಬಳ್ಳಿ. ಹಾವಿನ ವಿಷಕ್ಕೆ, ಜ್ವರಕ್ಕೆ, ಇನ್ನೂ ಹಲವಕ್ಕೆ ಇದನ್ನು ಕೊಡುವ ರೂಢಿ ಇದೆ. ಈ ಕುಟುಂಬದ ಬಳ್ಳಿಗಳಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಇರುತ್ತದೆ. ಅದು ಕಿಡ್ನಿಯನ್ನು ಒಣಗಿಸುತ್ತದೆ, ವರ್ಷಗಳ ನಂತರ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳದ ಕ್ಯಾನ್ಸರ್ ತರಬಹುದು. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೆಳ್ಳಗಾಗಲು ಮೂಲಿಕೆ ಗುಳಿಗೆ ನುಂಗಿದ ಎಷ್ಟೋ ಹೆಂಗಸರ ಕಿಡ್ನಿ ಹೋದದ್ದು ಇದೇ ಜಾತಿಯ ಬಳ್ಳಿ ತಪ್ಪಿ ಸೇರಿದ್ದರಿಂದ. ಯಾವ ಕಾರಣಕ್ಕೂ, ಯಾವ ಪ್ರಮಾಣದಲ್ಲೂ ಬೇಡ.

ನಾಲ್ಕನೆಯ ಹೆಜ್ಜೆ: ಎಲ್ಲಿಂದ ತರುತ್ತೀರಿ ಎಂಬುದೂ ಔಷಧಿಯೇ

ನೆಗ್ಗಿಲು ಹೊಲದಲ್ಲೇ ಸಿಗುತ್ತದೆ, ಅಂಗಡಿಗೆ ಯಾಕೆ ದುಡ್ಡು ಕೊಡಬೇಕು ಎಂದು ಅನಿಸುವುದು ಸಹಜ. ಆದರೆ ಯಾವ ಹೊಲ? ಹತ್ತಿಗೂ ಮೆಣಸಿನಕಾಯಿಗೂ ನಮ್ಮ ಕಡೆ ಎಷ್ಟು ಸಲ ಎಣ್ಣೆ ಹೊಡೆಯುತ್ತಾರೆ ಎಂದು ನಿಮಗೇ ಗೊತ್ತು, ಅಲ್ವಾ? ಆ ಬದುವಿನ ಗಿಡದ ಮೇಲೂ ಅದೇ ಬಿದ್ದಿರುತ್ತದೆ. ಕುದಿಸಿದರೆ ಎಲ್ಲ ಕೀಟನಾಶಕ ಹೋಗುವುದಿಲ್ಲ. ಸಂಡೂರು ಗಣಿ ಲಾರಿಗಳ ಕೆಂಪು ಧೂಳು ಕೂತ ರಸ್ತೆ ಬದಿ, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ ಬೀಳುವ ಜಾಗ, ಗಟಾರದ ದಂಡೆ ಇವುಗಳಿಂದಲೂ ಕೀಳಬೇಡಿ. ಸಿಂಪಡಣೆ ಇಲ್ಲದ ಬೀಳು, ಮನೆಯ ಹಿತ್ತಲು ಸರಿ. ಗಿಡದ ಗುರುತು ನೂರಕ್ಕೆ ನೂರು ಇಲ್ಲದಿದ್ದರೆ ಕೀಳುವುದೇ ಬೇಡ.

ಅಂಗಡಿಯಿಂದ ತಗೊಂಡರೆ ಪ್ಯಾಕ್ ತಿರುಗಿಸಿ ಓದಿ. ಆಯುರ್ವೇದ ಔಷಧಿ ಆಗಿದ್ದರೆ ಹಾಗೆಂದು ಬರೆದಿರಬೇಕು. ತಯಾರಿಕೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಿಸಿದ ದಿನ, ಮುಗಿಯುವ ದಿನ, ಒಳಗೇನಿದೆ ಎಂಬ ಪಟ್ಟಿ ಇರಬೇಕು. ಕ್ರ್ಯಾನ್‌ಬೆರಿಯಂಥ ಪೂರಕಗಳ ಮೇಲೆ ನಮ್ಮ ದೇಶದ ಆಹಾರ ಸುರಕ್ಷತೆ ಸಂಸ್ಥೆ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಲೈಸೆನ್ಸ್ ನಂಬರ್ ಇರುತ್ತದೆ. ಅದರ ಮೇಲೆ ಇದು ಔಷಧಿಯಾಗಿ ಬಳಸಲು ಅಲ್ಲ ಎಂದೂ ಅಚ್ಚಾಗಿರಬೇಕು. ಆ ಸಾಲನ್ನು ಜಾಹೀರಾತಿನ ಜೊತೆ ಇಟ್ಟು ನೋಡಿ.

ಪಟ್ಟಿಯಲ್ಲಿ "ಭಸ್ಮ" ಎಂಬ ಪದ ಹುಡುಕಿ. ಚಂದ್ರಪ್ರಭಾ ವಟಿ ಮೂತ್ರದ ತೊಂದರೆಗೆ ತುಂಬಾ ಹೆಸರಾದ ಗುಳಿಗೆ. ಅದರಲ್ಲಿ ಲೋಹ ಭಸ್ಮ, ಅಂದರೆ ಕಬ್ಬಿಣ ಇದೆ, ಉಪ್ಪುಗಳೂ ಇವೆ. ಅದು ಕೆಟ್ಟದ್ದು ಎಂದಲ್ಲ. ಆದರೆ ಓದಿದ ವೈದ್ಯರು ನೋಡಿ ಕೊಡಬೇಕಾದದ್ದು, ಪಕ್ಕದ ಮನೆಯವರು ಕೊಡಬೇಕಾದದ್ದಲ್ಲ. ಬಳ್ಳಾರಿಯಲ್ಲಿ ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜು ಇದೆ. ಅಂಥ ಕಡೆ ಹೋಗಿ ಬಿಎಎಂಎಸ್ ಓದಿದ ವೈದ್ಯರಿಗೆ ತೋರಿಸಿ. ಹೆಸರಿಲ್ಲದ ಪೊಟ್ಟಣದಲ್ಲಿ ಸ್ಟೆರಾಯ್ಡೋ ನೋವಿನ ಗುಳಿಗೆಯೋ ಪುಡಿಯಾಗಿ ಸೇರಿದ್ದರೆ ನಮಗೆ ತಿಳಿಯುವ ದಾರಿಯೇ ಇಲ್ಲ. ಒಂದೇ ದಿನಕ್ಕೆ ಪವಾಡದಂತೆ ನೋವು ಹೋದರೆ ಖುಷಿಪಡಬೇಡಿ, ಅನುಮಾನ ಪಡಿ.

ಐದನೆಯ ಹೆಜ್ಜೆ: ಕಷಾಯಕ್ಕೆ ಯಾವ ನೀರು

ಇದನ್ನು ಯಾರೂ ಹೇಳುವುದಿಲ್ಲ, ಆದರೆ ನಮ್ಮ ಮೂರು ಜಿಲ್ಲೆಗಳಿಗೆ ಇದು ದೊಡ್ಡ ವಿಷಯ. ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇದೆ. ಹಟ್ಟಿ, ಲಿಂಗಸುಗೂರು ಕಡೆಯ ಕೆಲವು ಬೋರ್‌ವೆಲ್‌ಗಳಲ್ಲಿ ಆರ್ಸೆನಿಕ್ ಸಹ ಸಿಕ್ಕಿದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಇವು ಹೋಗುವುದಿಲ್ಲ. ಕಷಾಯದಲ್ಲಿ ನಾಲ್ಕು ಲೋಟ ನೀರನ್ನು ಒಂದು ಲೋಟಕ್ಕೆ ಇಳಿಸುತ್ತೇವೆ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಇದ್ದದ್ದು 6 ಆಗುತ್ತದೆ. ಒಂದು ಲೋಟ ಕಷಾಯದಲ್ಲಿ ನಾಲ್ಕು ಲೋಟ ನೀರಿನ ಫ್ಲೋರೈಡ್ ಕುಡಿದಂತಾಯಿತು. ಕಿಡ್ನಿ ದುರ್ಬಲ ಇದ್ದವರಿಗೆ ಅದನ್ನು ಹೊರಹಾಕುವುದೂ ಕಷ್ಟ.

ಹಾಗಾಗಿ ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರಿನಲ್ಲೇ ಕಷಾಯ ಮಾಡಿ. ಮಳೆನೀರು ಚೆನ್ನಾಗಿ ಹಿಡಿದಿಟ್ಟಿದ್ದರೆ ಅದೂ ಆಗುತ್ತದೆ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಬಳಸಿ, ಅಲ್ಯೂಮಿನಿಯಂ ಬೇಡ. ವೈದ್ಯರು ಹೇಳಿದಷ್ಟು ಕಾಯಿಯನ್ನು ತೊಳೆದು, ಜಜ್ಜಿ, ಸಣ್ಣ ಉರಿಯಲ್ಲಿ ಕುದಿಸಿ. ಬಟ್ಟೆಯಲ್ಲಿ ಸೋಸಿ, ನೆಗ್ಗಿಲಿನ ಮುಳ್ಳಿನ ಚೂರು ಗಂಟಲಿಗೆ ಹೋಗಬಾರದು. ಅವತ್ತಿನದು ಅವತ್ತೇ ಮುಗಿಯಬೇಕು. ನಮ್ಮ ಬೇಸಿಗೆಯಲ್ಲಿ ನಿನ್ನೆಯ ಕಷಾಯ ಹಳಸಿರುತ್ತದೆ.

ಕೊತ್ತಂಬರಿ ಕಾಳಿಗೆ ಕುದಿಸುವುದೇ ಬೇಡ. ಒಂದು ಭಾಗ ಜಜ್ಜಿದ ಕಾಳಿಗೆ ಆರು ಭಾಗ ನೀರು ಹಾಕಿ ರಾತ್ರಿ ಇಟ್ಟು, ಬೆಳಿಗ್ಗೆ ಸೋಸಿ ಕುಡಿಯಿರಿ.

ಆರನೆಯ ಹೆಜ್ಜೆ: ಈಗಾಗಲೇ ನುಂಗುತ್ತಿರುವ ಗುಳಿಗೆಗಳ ಜೊತೆ

ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಕ್ರ್ಯಾನ್‌ಬೆರಿ ಶುರು ಮಾಡುವ ಮೊದಲು ಡಾಕ್ಟರಿಗೆ ಹೇಳಲೇಬೇಕು. ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ತಗೊಳ್ಳುವವರು ಅದರ ಮೇಲೆ ನೆಗ್ಗಿಲು, ಕೊಮ್ಮೆ ಸೇರಿಸಿದರೆ ಈ ಬಿಸಿಲಿನಲ್ಲಿ ತಲೆ ತಿರುಗಿ ಬೀಳುವ ಸಾಧ್ಯತೆ ಇದೆ. ಸಿಪ್ರೊಫ್ಲೋಕ್ಸಾಸಿನ್‌ನಂಥ ಆಂಟಿಬಯೋಟಿಕ್ ಮತ್ತು ಕಬ್ಬಿಣ ಒಟ್ಟಿಗೆ ಹೊಟ್ಟೆಗೆ ಹೋದರೆ ಔಷಧಿ ಮೈಗೆ ಹತ್ತುವುದಿಲ್ಲ. ಲೋಹ ಭಸ್ಮ ಇರುವ ಗುಳಿಗೆಗೂ ಇದೇ ಮಾತು. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರಿಗೆ ಆ ಗುಳಿಗೆಯಿಂದಲೇ ಜನನಾಂಗದಲ್ಲಿ ಫಂಗಸ್ ಆಗಿ ಉರಿ, ತುರಿಕೆ ಬರಬಹುದು. ಅವರು ಎಷ್ಟು ಬಾರ್ಲಿ ನೀರು ಕುಡಿದರೂ ಅದು ಹೋಗದು.

ನನಗೆ ತುಂಬಾ ಚಿಂತೆಯಾಗುವುದು ನೋವಿನ ಗುಳಿಗೆ. ಕೂಲಿ ಮುಗಿಸಿ ಬಂದು ಮೈಕೈ ನೋವಿಗೆ ಡೈಕ್ಲೋಫೆನಾಕ್ ನುಂಗುವವರು ಎಷ್ಟೋ ಜನ ಇದ್ದಾರೆ. ಬೆವರಿ ನೀರು ಕಳೆದುಕೊಂಡ ಮೈ, ಮೇಲೆ ನೋವಿನ ಗುಳಿಗೆ, ಮೇಲೆ ಮೂತ್ರ ಹೆಚ್ಚಿಸುವ ಕಷಾಯ. ಈ ಮೂರೂ ಸೇರಿದರೆ ಆರೋಗ್ಯವಂತರ ಕಿಡ್ನಿಯೂ ಕೈಕೊಡಬಹುದು. ಕಷಾಯ ಕುಡಿಯುವ ದಿನಗಳಲ್ಲಿ ಆ ಗುಳಿಗೆ ಬೇಡ. ಮೂತ್ರದ ಉರಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಕ್ಷಾರದ ಸಿರಪ್, ನೀರಿಗೆ ಹಾಕುವ ಪುಡಿ ಉರಿ ತಗ್ಗಿಸಬಹುದು, ರೋಗಾಣು ಕೊಲ್ಲುವುದಿಲ್ಲ. ಅವುಗಳಲ್ಲಿ ಸೋಡಿಯಂ ಇರುವುದರಿಂದ ಬಿಪಿ, ಹೃದಯದ ತೊಂದರೆ ಇರುವವರು ಕೇಳದೆ ಕುಡಿಯಬಾರದು.

ಏಳನೆಯ ಹೆಜ್ಜೆ: ಯಾವಾಗ ನಿಲ್ಲಿಸಬೇಕು

ಉರಿ ಶುರುವಾಗಿ ಎರಡು ದಿನ ಕಳೆದರೂ ಕಮ್ಮಿಯಾಗದಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಕಮ್ಮಿಯಾಗಿ ಮತ್ತೆ ಬಂದರೂ ಹಾಗೆಯೇ. 50 ದಾಟಿದ ಗಂಡಸರಿಗೆ ಧಾರೆ ಸಣ್ಣಗಾಗಿ, ರಾತ್ರಿ ನಾಲ್ಕೈದು ಸಲ ಏಳುವಂತಾದರೆ ಅದು ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಇರಬಹುದು. ನೆಗ್ಗಿಲು ಕುಡಿಯುತ್ತಾ ತಿಂಗಳು ಕಳೆಯಬೇಡಿ.

ಕಣ್ಣು ಹಳದಿಯಾಗುವುದು, ಮುಖ ಕಾಲು ಊದುವುದು, ಮೂತ್ರ ಕಮ್ಮಿಯಾಗುವುದು, ಮೈ ತುರಿಕೆ, ವಾಂತಿ ಇವುಗಳಲ್ಲಿ ಯಾವುದು ಕಂಡರೂ ಅದೇ ಹೊತ್ತಿಗೆ ಮೂಲಿಕೆ ನಿಲ್ಲಿಸಿ. ತಿಂಗಳುಗಟ್ಟಲೆ ಯಾವುದನ್ನಾದರೂ ತಗೊಳ್ಳುತ್ತಿದ್ದರೆ ನಡುವೆ ಒಮ್ಮೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯೇಟಿನಿನ್ ಎಂಬ ರಕ್ತ ಪರೀಕ್ಷೆ ಮಾಡಿಸಿ, ಲಿವರ್ ಪರೀಕ್ಷೆಯನ್ನೂ ಮಾಡಿಸಿ.

ಆಸ್ಪತ್ರೆಗೆ ಹೋಗುವಾಗ ನುಂಗಿದ ಪುಡಿಯ ಪ್ಯಾಕ್, ಗುಳಿಗೆಯ ಡಬ್ಬಿ, ಗಿಡ ಆಗಿದ್ದರೆ ಅದರ ಒಂದು ಕೊಂಬೆ ಕಾಯಿ ಸಮೇತ ಚೀಲದಲ್ಲಿ ಹಾಕಿಕೊಂಡು ಹೋಗಿ. ಬೈಯ್ಯುತ್ತಾರೆ ಎಂದು ಮುಚ್ಚಿಡಬೇಡಿ. ಏನು ಹೊಟ್ಟೆಗೆ ಹೋಗಿದೆ ಎಂದು ಗೊತ್ತಾದರೆ ಮಾತ್ರ ಅವರು ಸರಿಯಾದ ಪರೀಕ್ಷೆ ಬರೆಯಬಲ್ಲರು.